ಕ್ಯಾಮೆರಾಗಳ ಭಾರಕ್ಕೆ ಬಳಲುವ ಬಿಲ್ಲಿಂಗ್ ಜಾಲ

ಗೋದಾಮಿಗೆ ಹೊಸ ಕ್ಯಾಮೆರಾಗಳನ್ನು ಅಳವಡಿಸಿದ ಮರುದಿನದಿಂದಲೇ ಬಿಲ್ಲಿಂಗ್ ಕೌಂಟರಿನ ಗಣಕಯಂತ್ರ ನಿಧಾನವಾಯಿತೆಂಬ ದೂರು ವರ್ತಕ ವಲಯದಲ್ಲಿ ಅಪರೂಪವೇನಲ್ಲ. ದೋಷವು ತಂತ್ರಾಂಶದ್ದೆಂದೋ ಅಂತರ್ಜಾಲ ಸಂಪರ್ಕದ್ದೆಂದೋ ಭಾವಿಸಿ ವೃಥಾ ಹಣ ವ್ಯಯಿಸುವವರೂ ಉಂಟು. ಅನೇಕ ವೇಳೆ ಅದು ಸ್ವಂತ ಕಟ್ಟಡದೊಳಗಿನ ರೂಟರ್ ಮತ್ತು ಸ್ವಿಚ್ಚುಗಳಲ್ಲೇ ಅಡಗಿರುತ್ತದೆ.

ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸುವ 16 ಕ್ಯಾಮೆರಾಗಳಿವೆ ಎಂದಿಟ್ಟುಕೊಳ್ಳೋಣ. ಮಾಲೀಕರ ಕೊಠಡಿ, ಕಾವಲುಗಾರನ ಪರದೆ ಮತ್ತು ರೆಕಾರ್ಡರ್ ಈ ಮೂರಕ್ಕೂ ಪ್ರತ್ಯೇಕವಾಗಿ ಕಳುಹಿಸಿದರೆ ಹೊರೆ 192 ಮೆಗಾಬಿಟ್ ಆಗುತ್ತದೆ. 100 ಮೆಗಾಬಿಟ್‌ನ ಮುಖ್ಯ ಕೇಬಲ್ ಇದನ್ನು ತಾಳಲಾರದು. ಆದುದರಿಂದ ಪ್ರತಿ ಕ್ಯಾಮೆರಾ ಒಂದೇ ಪ್ರತಿಯನ್ನು ಒಂದು ಗುಂಪು ವಿಳಾಸಕ್ಕೆ ಕಳುಹಿಸುವ ಮಲ್ಟಿಕಾಸ್ಟ್ ಕ್ರಮವನ್ನು ಅನುಸರಿಸಲಾಗುತ್ತದೆ. ಆಗ ಹೊರೆ 64 ಮೆಗಾಬಿಟ್‌ಗೆ ಇಳಿಯುತ್ತದೆ.

ತೊಡಕು ಇಲ್ಲಿಂದ ಆರಂಭ. ಯಾರಿಗೆ ಚಿತ್ರ ಬೇಕೆಂದು ಅರಿಯದ ಸ್ವಿಚ್ ಊರಿಗೆಲ್ಲ ಡಂಗುರ ಸಾರಿದಂತೆ ಅದನ್ನು ಎಲ್ಲ ಪೋರ್ಟುಗಳಿಗೂ ಹರಿಸುತ್ತದೆ. ಚಿತ್ರದ ಗೊಡವೆಯೇ ಬೇಡದ ಬಿಲ್ಲಿಂಗ್ ಯಂತ್ರಕ್ಕೂ 64 ಮೆಗಾಬಿಟ್ ಬಂದು ಬೀಳುತ್ತದೆ. ವೈಫೈನಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲೇ ಪ್ರಸಾರವಾಗುವುದರಿಂದ ನಿಸ್ತಂತು ಬಾರ್‌ಕೋಡ್ ಸ್ಕ್ಯಾನರುಗಳ ಪಾಡು ಇನ್ನೂ ಕಷ್ಟ.

ಇದಕ್ಕೆ ಪರಿಹಾರವೇ ಐಜಿಎಂಪಿ ಸ್ನೂಪಿಂಗ್. 1989ರಲ್ಲಿ ರೂಪುಗೊಂಡು, 1997 ಮತ್ತು 2002ರಲ್ಲಿ ಪರಿಷ್ಕೃತವಾದ ಐಜಿಎಂಪಿ ನಿಯಮಾವಳಿಯಂತೆ, ಚಿತ್ರ ಬೇಕಾದ ಉಪಕರಣವು ತನ್ನ ಸದಸ್ಯತ್ವವನ್ನು ಘೋಷಿಸುತ್ತದೆ. ಸ್ವಿಚ್ ಆ ಘೋಷಣೆಗೆ ಕಿವಿಗೊಟ್ಟು, ಚಂದಾದಾರರ ಪಟ್ಟಿ ಹಿಡಿದ ಪತ್ರಿಕೆ ಹಂಚುವ ಹುಡುಗನಂತೆ, ಆಯಾ ಪೋರ್ಟಿಗೆ ಮಾತ್ರ ವಿತರಿಸುತ್ತದೆ.

ಆದರೆ ಚಂದಾ ಕಾಲಕಾಲಕ್ಕೆ ನವೀಕರಣಗೊಳ್ಳಬೇಕು. ‘ಇನ್ನೂ ಬೇಕೇ?’ ಎಂದು ವಿಚಾರಿಸುವ ಕ್ವೇರಿಯರ್ ಜಾಲದಲ್ಲಿ ಇರಲೇಬೇಕು. ಸಾಮಾನ್ಯ ನಿಗದಿಯಂತೆ ಅದು 125 ಸೆಕೆಂಡಿಗೊಮ್ಮೆ ಕೇಳುತ್ತದೆ. 260 ಸೆಕೆಂಡುಗಳವರೆಗೆ ಉತ್ತರ ಬಾರದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಕೇಳುವವರೇ ಇಲ್ಲದ ಜಾಲದಲ್ಲಿ ಉತ್ತರಿಸುವವರೂ ಇರುವುದಿಲ್ಲ. ಆದಕಾರಣ ಸ್ನೂಪಿಂಗ್ ಆರಂಭಿಸಿದ ಕೂಡಲೆ ಎಲ್ಲವೂ ಸರಿಯಾದಂತೆ ತೋರಿ, ತಂತ್ರಜ್ಞನು ಹಣ ಪಡೆದು ಬೀದಿಯ ತಿರುವು ದಾಟುವಷ್ಟರಲ್ಲಿ ಪರದೆಗಳು ಸ್ತಬ್ಧವಾಗುವುದುಂಟು. ಬಹಳಷ್ಟು ಮಂದಿ ಎಡವುವುದು ಇಲ್ಲಿಯೇ.

ಉದಾಹರಣೆಗೆ ಮೈಕ್ರೋಟಿಕ್ ರೂಟರುಗಳ ಬ್ರಿಡ್ಜ್ ವಿಭಾಗದಲ್ಲಿ ಸ್ನೂಪಿಂಗ್ ಮತ್ತು ಕ್ವೇರಿಯರ್ ಎರಡೂ ಬೇರೆ ಬೇರೆ ಆಯ್ಕೆಗಳು. ಎರಡೂ ಮೊದಲಿಗೆ ಸ್ಥಗಿತಗೊಂಡೇ ಇರುತ್ತವೆ. ಒಂದನ್ನು ಮಾತ್ರ ತೆರೆದರೆ ಸಾಲದು. ಎರಡು ಉಪಕರಣಗಳಲ್ಲಿ ಕ್ವೇರಿಯರ್ ಇದ್ದರೂ ಬಾಧಕವಿಲ್ಲ, ಕಡಿಮೆ ಐಪಿ ವಿಳಾಸದ್ದೇ ಹೊಣೆ ಹೊರುತ್ತದೆ. ಕ್ಯಾಮೆರಾಗಳಿಗೆ ಪ್ರತ್ಯೇಕ ವಿಎಲ್ಯಾನ್ ಇದ್ದಲ್ಲಿ ಅದಕ್ಕೂ ಒಂದು ಕ್ವೇರಿಯರ್ ಅಗತ್ಯ.

ಸಣ್ಣ ಕೈಗಾರಿಕೆಗಳು ಇನ್ನೊಂದು ವಿಷಯವನ್ನು ಗಮನಿಸಬೇಕು. ಈಥರ್‌ನೆಟ್/ಐಪಿ ಬಳಸುವ ಪಿಎಲ್‌ಸಿಗಳೂ ಮಲ್ಟಿಕಾಸ್ಟ್ ಕಳುಹಿಸಬಲ್ಲವು. ಆದ್ದರಿಂದ ಈ ಬದಲಾವಣೆಯನ್ನು ಯಂತ್ರಗಳು ಓಡುತ್ತಿರುವ ಪಾಳಿಯಲ್ಲಿ ಮಾಡದೆ ವಾರದ ರಜಾದಿನಕ್ಕೆ ಇಟ್ಟುಕೊಳ್ಳುವುದು ಕ್ಷೇಮ.

ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿ ಇದಾವುದನ್ನೂ ಹೊಂದಿಸಲಾಗದು. ಕೊಟೇಶನ್ ಪಡೆಯುವಾಗಲೇ ಸ್ನೂಪಿಂಗ್ ಹಾಗೂ ಕ್ವೇರಿಯರ್ ಎರಡನ್ನೂ ಬರವಣಿಗೆಯಲ್ಲಿ ಕೇಳಬೇಕು. ಕೆಲಸ ಮುಗಿದ ಬಳಿಕ ಕನಿಷ್ಠ 10 ನಿಮಿಷ ಪರದೆಯ ಮುಂದೆ ಕುಳಿತು, ಚಿತ್ರ ನಿಲ್ಲದಿರುವುದನ್ನೂ ಬಿಲ್ಲಿಂಗ್ ಯಂತ್ರ ಚುರುಕಾಗಿರುವುದನ್ನೂ ಖಚಿತಪಡಿಸಿಕೊಂಡೇ ತಂತ್ರಜ್ಞನ ಬಿಲ್ಲಿಗೆ ಸಹಿ ಹಾಕುವುದು ಲೇಸು.