ನಿದ್ದೆಯಲ್ಲಿ ಮೂಗಿಗೂ ನಿದ್ದೆ

ಒಗ್ಗರಣೆಯಲ್ಲಿ ಒಂದು ಒಣಮೆಣಸಿನಕಾಯಿ ಸೀದರೆ ಸಾಕು, ಮೂರನೇ ಕೋಣೆಯಲ್ಲಿ ಕೂತವರೂ ಸೀನುತ್ತಾರೆ. ಇಂಥ ಚುರುಕು ಮೂಗಿರುವಾಗ ಹೊಗೆ ಪತ್ತೆಗೊಂದು ಯಂತ್ರ ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ತೊಡಕಿರುವುದು ರಾತ್ರಿಯಲ್ಲಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್‌ಕಡಾನ್ ಮತ್ತು ರೇಚೆಲ್ ಹರ್ಜ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಲಗಿದವರ ಮೂಗಿನ ಬಳಿ ಪಿರಿಡಿನ್ ಎಂಬ ಕಟುವಾಸನೆಯ ರಾಸಾಯನಿಕವನ್ನು ಬಿಟ್ಟು ನೋಡಿದರು. ಗಾಢ ನಿದ್ದೆಯಲ್ಲಿದ್ದವರು ಅದಕ್ಕೆ ಏಳಲಿಲ್ಲ, ಶಬ್ದಕ್ಕೆ ಎದ್ದರು. ಪ್ರಯೋಗಕ್ಕೆ ಒಳಗಾದವರು ಬೆರಳೆಣಿಕೆಯ ಮಂದಿ, ನಿಜ. ಆದರೂ ಅದು ಹೇಳುವ ಸಂಗತಿ ದೊಡ್ಡದು: ನಾವು ಮಲಗಿದಾಗ ಕಿವಿ ಅರೆಎಚ್ಚರದಲ್ಲಿರುತ್ತದೆ, ಮೂಗು ಮಲಗಿಬಿಡುತ್ತದೆ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್‌ಗಂತೂ ವಾಸನೆಯೇ ಇಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉರಿ ಹತ್ತಿರ ಬರುವ ಮೊದಲೇ ಮಲಗಿದವರು ಮಂಪರಿನಲ್ಲೇ ಉಸಿರು ಕಳೆದುಕೊಳ್ಳುವುದು ಹೀಗೆ.

ಹಾಗಾದರೆ ಯಂತ್ರದ ಕೆಲಸ ಹೊಗೆಯನ್ನು ಸದ್ದಾಗಿ ಬದಲಿಸುವುದು, ಅಷ್ಟೇ. ಅದು ನಡೆಯುವ ಬಗೆ ಮಾತ್ರ ಸೊಗಸಾಗಿದೆ. ಕತ್ತಲ ಅಡುಗೆಮನೆಗೆ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲನ್ನು ನೆನೆಸಿಕೊಳ್ಳಿ. ಕೋಲು ಕಣ್ಣಿಗೆ ಕಾಣುವುದು ಅದರೊಳಗೆ ತೇಲುವ ದೂಳಿನ ಕಣಗಳು ಬೆಳಕನ್ನು ಅತ್ತಿತ್ತ ಚದುರಿಸುವುದರಿಂದ. ಗಾಳಿ ಪೂರ್ತಿ ಶುದ್ಧವಾಗಿದ್ದರೆ ಅಲ್ಲೊಂದು ಕೋಲಿದೆ ಎಂದೇ ತಿಳಿಯುತ್ತಿರಲಿಲ್ಲ. ಸೂರಿಗೆ ಅಂಟಿಸುವ ಆ ಬಿಳಿ ಡಬ್ಬಿಯೊಳಗೆ ಒಂದು ಕಪ್ಪು ಗೂಡಿದೆ. ಅದರ ಗೋಡೆ ಚಕ್ರವ್ಯೂಹದಂತೆ ಮಡಿಚಿಕೊಂಡಿದ್ದು, ಗಾಳಿಯನ್ನು ಒಳಬಿಡುತ್ತದೆ, ಹೊರಗಿನ ಬೆಳಕನ್ನು ಬಿಡುವುದಿಲ್ಲ. ಒಂದು ಮೂಲೆಯಲ್ಲಿ ಪುಟ್ಟ ಎಲ್‌ಇಡಿ, ಇನ್ನೊಂದರಲ್ಲಿ ಬೆಳಕನ್ನು ಗುರುತಿಸುವ ಸೆನ್ಸರ್. ಎರಡೂ ಒಂದಕ್ಕೊಂದು ನೇರವಾಗಿ ಕಾಣದಂತೆ ಓರೆಯಾಗಿ ಕೂತಿವೆ. ಶುದ್ಧ ಗಾಳಿಯಲ್ಲಿ ಸೆನ್ಸರ್‌ಗೆ ಬರೀ ಕತ್ತಲು. ಹೊಗೆಯ ಕಣ ಒಳಹೊಕ್ಕಿತೋ, ಬೆಳಕು ಚದುರಿ ಅದರ ಮೇಲೆ ಬೀಳುತ್ತದೆ, ಸೈರನ್ ಕೂಗುತ್ತದೆ. ಹತ್ತಡಿ ದೂರದಲ್ಲೂ ಅದು ಸುಮಾರು 85 ಡೆಸಿಬೆಲ್. ಇನ್ನೊಂದು ಜಾತಿಯದು ಹಳೆಯದು. 1930ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ವಾಲ್ಟರ್ ಯೇಗರ್ ವಿಷಾನಿಲ ಪತ್ತೆಯ ಉಪಕರಣ ಮಾಡಲು ಹೋಗಿ ಸೋತರು. ಬೇಸತ್ತು ಸಿಗರೇಟು ಹಚ್ಚಿದಾಗ ಅನಿಲಕ್ಕೆ ಜಗ್ಗದ ಮೀಟರಿನ ಮುಳ್ಳು ಹೊಗೆಗೆ ಅಲುಗಿತಂತೆ. ಈಗಿನ ಆ ಬಗೆಯ ಅಲಾರ್ಮ್‌ಗಳಲ್ಲಿ ಕಣದಷ್ಟು ಅಮೆರಿಸಿಯಂ-241 ಎಂಬ ವಿಕಿರಣಶೀಲ ವಸ್ತು ಇರುತ್ತದೆ. ಅದರ ಆಲ್ಫಾ ಕಿರಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ಹಾಗಾಗಿ ವಿಕಿರಣದ ಭಯಕ್ಕೆ ಹುರುಳಿಲ್ಲ. ಆದರೂ ಮನೆಗೆ ಬೆಳಕಿನ ಬಗೆಯದೇ ಮೇಲು. ಹಾಸಿಗೆ, ಸೋಫಾ ಉರಿಯಿಲ್ಲದೆ ಹೊಗೆಯಾಡುತ್ತಾ ಕುಳಿತಾಗ ಅದು ಬೇಗ ಎಚ್ಚರಿಸುತ್ತದೆ.

ನಮ್ಮಲ್ಲಿ ಕೇಳಿಬರುವ ಗಟ್ಟಿ ಆಕ್ಷೇಪ ಒಂದಿದೆ: ಅಮೆರಿಕದವರದು ಮರದ ಮನೆ, ನಮ್ಮದು ಇಟ್ಟಿಗೆ-ಕಾಂಕ್ರೀಟು, ಉರಿಯುವುದೇನಿದೆ? ಗೋಡೆ ಉರಿಯುವುದಿಲ್ಲ, ಸರಿ. ಗೋಡೆಯೊಳಗಿನ ಸಾಮಾನು ಉರಿಯುತ್ತದೆ. ಹತ್ತಿ ಹಾಸಿಗೆ ಹೋಗಿ ಫೋಮ್ ಬಂದಿದೆ, ಮರದ ಕುರ್ಚಿ ಹೋಗಿ ಸ್ಪಂಜಿನ ಸೋಫಾ ಬಂದಿದೆ. ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ಎನ್‌ಐಎಸ್‌ಟಿ 1970ರ ದಶಕದ ಪ್ರಯೋಗಗಳನ್ನು ಮೂರು ದಶಕ ಬಿಟ್ಟು ಹೊಸ ಪೀಠೋಪಕರಣಗಳಿಟ್ಟು ಮತ್ತೆ ಮಾಡಿತು. ಧಗಧಗಿಸುವ ಬೆಂಕಿಯಲ್ಲಿ ಕೋಣೆಯೊಳಗೆ ಬದುಕಿರಲು ಸಾಧ್ಯವಾದ ಹೊತ್ತು ಸುಮಾರು 17 ನಿಮಿಷದಿಂದ 3 ನಿಮಿಷಕ್ಕೆ ಇಳಿದಿತ್ತು. ಕಾಂಕ್ರೀಟಿನ ಭರವಸೆ ಎಷ್ಟೆಂದು ಬೆಂಗಳೂರಿಗೆ ಗೊತ್ತು. 2010ರ ಫೆಬ್ರುವರಿ 23ರಂದು ಕಾರ್ಲ್ಟನ್ ಟವರ್ಸ್‌ನ ಬೆಂಕಿಯಲ್ಲಿ 9 ಮಂದಿ ಸತ್ತಾಗ ಕಟ್ಟಡ ಕುಸಿದಿರಲಿಲ್ಲ. ಮೇಲಿನ ಮಹಡಿಗಳಲ್ಲಿ ಹೊಗೆ ತುಂಬಿತ್ತು. ಹಳೆಯ ಹೆಂಚಿನ ಮನೆಯಾದರೆ ಹೊಗೆ ಸಂದಿಗಳಲ್ಲಿ ಸೋರಿ ಹೋಗುತ್ತಿತ್ತು. ಎ.ಸಿ. ಹಾಕಿ ಕಿಟಕಿ ಮುಚ್ಚಿದ ಆರ್‌ಸಿಸಿ ಕೋಣೆಯಲ್ಲಿ ಅದಕ್ಕೆ ದಾರಿಯಿಲ್ಲ. ನಮಗೂ ಇಲ್ಲ. ಕಿಟಕಿಗೆಲ್ಲ ಗ್ರಿಲ್, ಬಾಲ್ಕನಿಗೂ ಗ್ರಿಲ್, ಮುಂಬಾಗಿಲಿಗೆ ಒಳಗಿನಿಂದ ಬೀಗ. ಕಳ್ಳ ಒಳಗೆ ಬರಬಾರದೆಂದು ಕಟ್ಟಿದ ಮನೆಯಿಂದ ಮನೆಯವರು ಹೊರಗೆ ಹೋಗಲು ಇರುವುದು ಒಂದೇ ಬಾಗಿಲು. ಅಮೆರಿಕದವರು ಕಿಟಕಿಯಿಂದ ಹಾರಿಯಾರು. ಮುನ್ಸೂಚನೆ ಹೆಚ್ಚು ಬೇಕಾದುದು ನಮಗೇ.

ಮುನ್ಸೂಚನೆ ಜೀವ ಉಳಿಸುತ್ತದೆ ಎಂಬುದನ್ನು ಅಂಕಿಅಂಶವೂ ಬೆಂಬಲಿಸುತ್ತದೆ. ಅಮೆರಿಕದಲ್ಲಿ ಮನೆ-ಬೆಂಕಿಯಿಂದ ಸಾಯುವ ಐವರಲ್ಲಿ ಸುಮಾರು ಮೂವರು ಅಲಾರ್ಮ್ ಇಲ್ಲದ ಅಥವಾ ಕೆಟ್ಟ ಅಲಾರ್ಮ್ ಇದ್ದ ಮನೆಯವರು. ಅಲಾರ್ಮ್ ಇಟ್ಟುಕೊಳ್ಳುವವರು ಮೊದಲೇ ಜಾಗರೂಕರು, ಹಾಗಾಗಿ ಪೂರ್ತಿ ಶ್ರೇಯ ಯಂತ್ರಕ್ಕೆ ಸಲ್ಲದು ಎಂದು ವಾದಿಸಬಹುದು. ಒಪ್ಪಬೇಕಾದ ಮಾತೇ. ಆದರೆ ಎಂಥ ಜಾಗರೂಕರೂ ನಿದ್ದೆಯಲ್ಲಿ ಜಾಗರೂಕರಲ್ಲವಲ್ಲ.

ಉಳಿದದ್ದು ಸುಳ್ಳು ಕೂಗಿನ ಕಾಟ. ಅಮೆರಿಕದ ಅಪಾರ್ಟ್‌ಮೆಂಟುಗಳಲ್ಲಿರುವ ಕನ್ನಡಿಗರಿಗೆ ಒಗ್ಗರಣೆ ಚಟಪಟ ಎಂದೊಡನೆ ಟವೆಲ್ ಬೀಸುತ್ತಾ ಓಡುವುದು ಹೊಸತಲ್ಲ. ಊದುಬತ್ತಿ, ಸಾಂಬ್ರಾಣಿ, ಕರ್ಪೂರ ಇರುವ ನಮ್ಮ ಮನೆಗಳಲ್ಲಿ ಈ ಕಾಟ ಕಡಿಮೆಯಾಗದು. ಬೇಸರಕ್ಕೆ ಬ್ಯಾಟರಿ ಕಿತ್ತಿಟ್ಟವರ ಮನೆಗಳೂ ಮೇಲಿನ ಲೆಕ್ಕದಲ್ಲಿವೆ ಎಂಬುದನ್ನು ಮರೆಯಬಾರದು. ಪರಿಹಾರ ಇರುವುದು ಜಾಗದ ಆಯ್ಕೆಯಲ್ಲಿ. ಒಲೆಯಿಂದ ಹತ್ತಡಿಯಾದರೂ ದೂರ, ದೇವರಮನೆಯಿಂದಲೂ ದೂರ, ಮಲಗುವ ಕೋಣೆಯ ಬಾಗಿಲ ಹೊರಗೆ, ಸಾಧ್ಯವಾದರೆ ಒಳಗೂ ಒಂದು. ಸೂರಿಗೇ ಹಾಕಬೇಕು, ಆದರೆ ಫ್ಯಾನಿನ ರೆಕ್ಕೆಯ ತುದಿಯಿಂದ ಮೂರಡಿ ಬಿಟ್ಟು. ಇಲ್ಲವಾದರೆ ಫ್ಯಾನಿನ ಗಾಳಿ ಹೊಗೆಯನ್ನು ಡಬ್ಬಿಯ ಹತ್ತಿರ ಬರಗೊಡದು. ಗ್ಯಾಸ್ ಸೋರಿಕೆಯನ್ನು ಇದು ಹಿಡಿಯುವುದಿಲ್ಲ, ಬೆಂಕಿಯನ್ನು ಆರಿಸುವುದೂ ಇಲ್ಲ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಕೂಗಿಸಿ ನೋಡಿ, ಹತ್ತು ವರ್ಷಕ್ಕೆ ಹೊಸದು ಹಾಕಿ. ಜೊತೆಗೆ, ಮುಂಬಾಗಿಲ ಬೀಗದ ಕೀ ರಾತ್ರಿ ಎಲ್ಲಿರುತ್ತದೆಂದು ಮನೆಯ ಮಕ್ಕಳಿಗೂ ಗೊತ್ತಿರಲಿ.