ಹಳೆಯ ಕಾರು ಕೊಳ್ಳುವಾಗ ಹಣ ಕೊಡುವ ಕ್ರಮ



ಜಾತ್ರೆಯಲ್ಲಿ ಹಸು ಕೊಳ್ಳಲು ಹೋದಾಗ ತಾವು ಏನು ಮಾಡುತ್ತೀರಿ? ದಲ್ಲಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ಎಷ್ಟೇ ಅವಸರ ಮಾಡಿದರೂ ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ, ಸಾಧ್ಯವಾದರೆ ಎರಡು ಹೊತ್ತು ಹಾಲು ಕರೆಸಿ ನೋಡಿದ ಮೇಲೆಯೇ ಹಣ ಎಣಿಸುತ್ತೀರಿ. ನಮ್ಮ ಸಂಘದಲ್ಲಿಯೂ ಅಷ್ಟೇ. ಹಾಲಿನ ಪರೀಕ್ಷೆಯಾಗದೆ ದರ ಕಟ್ಟುವುದಿಲ್ಲ. ಇಷ್ಟು ಎಚ್ಚರವಿರುವ ನಾವು ಹಳೆಯ ಕಾರು ಕೊಳ್ಳುವಾಗ ಮಾತ್ರ ಇಂಜಿನ್ ಸದ್ದು ಕೇಳಿ, ಬಣ್ಣ ನೋಡಿ, ವ್ಯಾಪಾರಿಯ ಕೈಗೆ ಪೂರ್ತಿ ಹಣ ಕೊಟ್ಟು ಕೀಲಿ ಪಡೆದು ಬರುತ್ತೇವೆ.

ಹಸುವಿನ ಹಗ್ಗ ಕೈಗೆ ಬಂದರೆ ಹಸು ನಮ್ಮದಾಯಿತು. ಕಾರಿನ ವಿಷಯ ಹಾಗಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಆದ್ದರಿಂದ ನೆನಪಿಡಬೇಕಾದ ಮಾತು ಒಂದೇ: ಹಣವು ಕಾಗದಕ್ಕಿಂತ ಮುಂದೆ ಹೋಗಬಾರದು.

ಒಂದು ಉದಾಹರಣೆ

ಒಬ್ಬ ಸದಸ್ಯರು ವರ್ಷಗಟ್ಟಲೆ ಹಾಲಿನ ಬಟವಾಡೆಯಲ್ಲಿ ಉಳಿಸಿದ ಹಣಕ್ಕೆ ಎರಡು ಹಸು ಮಾರಿದ ಹಣ ಸೇರಿಸಿ 3,20,000 ರೂಪಾಯಿಗೆ ಕಾರು ಗೊತ್ತುಮಾಡಿದರೆಂದು ಭಾವಿಸಿ. ಪೂರ್ತಿ ಹಣ ನಗದಾಗಿ ಕೊಟ್ಟರು. "ಒಂದು ತಿಂಗಳಲ್ಲಿ ಆರ್.ಸಿ. ನಿಮ್ಮ ಹೆಸರಿಗೆ ಬರುತ್ತದೆ" ಎಂದರು ವ್ಯಾಪಾರಿ. ಆದರೆ ಹಿಂದಿನ ಮಾಲೀಕರು ಆ ಕಾರಿನ ಮೇಲೆ ಪಡೆದ ಸಾಲದಲ್ಲಿ 90,000 ರೂಪಾಯಿ ಬಾಕಿ ಇತ್ತು. ಮೂರು ತಿಂಗಳ ನಂತರ ಸಾಲ ಕೊಟ್ಟ ಸಂಸ್ಥೆಯವರು ಮನೆಯ ಮುಂದೆ ಬಂದು ನಿಂತರು. ಹೆಸರು ಬದಲಾವಣೆಯೂ ಆಗಿಲ್ಲ, ಹಣ ಕೊಟ್ಟದ್ದಕ್ಕೆ ರಶೀದಿಯೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಯಿತು. ಇದೇ ಹಣವನ್ನು ಹೇಗೆ ಕೊಡಬೇಕಿತ್ತು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಪರೀಕ್ಷೆ

ಒಂದು ರೂಪಾಯಿಯನ್ನೂ ಕೊಡುವ ಮೊದಲು ಆರ್.ಸಿ.ಯನ್ನು ಕೈಯಲ್ಲಿ ಹಿಡಿದು ಓದಿರಿ. ಚಾಸಿಸ್ ಮತ್ತು ಇಂಜಿನ್ ಸಂಖ್ಯೆಗಳು ಕಾರಿನ ಮೇಲಿರುವ ಸಂಖ್ಯೆಗಳಿಗೆ ಹೊಂದಬೇಕು. ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ಸಂಖ್ಯೆ ಹಾಕಿದರೆ ನೋಂದಣಿ, ವಿಮೆ ಮುಂತಾದ ವಿವರ ಸಿಗುತ್ತದೆ. ಮನೆಯ ಮಕ್ಕಳಿಂದಲೋ ಸಂಘದ ಕಾರ್ಯದರ್ಶಿಯವರಿಂದಲೋ ನೋಡಿಸಿಕೊಳ್ಳಿ. ಸಂಚಾರ ದಂಡ ಬಾಕಿ ಇದೆಯೇ ಎಂಬುದನ್ನೂ ವಿಚಾರಿಸಿರಿ.

ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಸಾಲ ಸಂಸ್ಥೆಯ ಹೆಸರಿದ್ದರೆ ಕಾರು ಇನ್ನೂ ಅಡಮಾನದಲ್ಲಿದೆ ಎಂದು ತಿಳಿಯಿರಿ. ಸಾಲ ತೀರಿದ ಮಾತ್ರಕ್ಕೆ ಆ ನಮೂದು ತಾನಾಗಿ ಹೋಗುವುದಿಲ್ಲ. ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಮತ್ತು ಅವರು ಸಹಿ ಮಾಡಿದ ನಮೂನೆ 35 ಬೇಕು. ಬೇರೆ ರಾಜ್ಯದ ಕಾರಾದರೆ ಅಲ್ಲಿನ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ಇಲ್ಲಿನ ತೆರಿಗೆ ಯಾರು ಕಟ್ಟಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ವ್ಯಾಪಾರಿ ಯಾರು?

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಹಳೆಯ ವಾಹನಗಳ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರಬೇಕು. ಮಾಲೀಕರು ವಾಹನವನ್ನು ಅಂಥ ವ್ಯಾಪಾರಿಗೆ ಒಪ್ಪಿಸಿದಾಗ ನಮೂನೆ 29ಸಿ ಮೂಲಕ ಪ್ರಾಧಿಕಾರಕ್ಕೆ ತಿಳಿಸಬೇಕು. "ನಿಮ್ಮ ಅಧಿಕಾರ ಪತ್ರ ತೋರಿಸಿ, ಈ ಕಾರಿನ 29ಸಿ ತೋರಿಸಿ" ಎಂದು ಕೇಳಲು ಸಂಕೋಚ ಬೇಡ. ಎರಡೂ ಇಲ್ಲವೆಂದರೆ ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕರನ್ನೇ ಕಂಡು, ಅವರೇ ತಮ್ಮ ಎದುರಿಗೆ ಸಹಿ ಹಾಕುವವರೆಗೆ ಹಣ ಕೊಡಬೇಡಿ.

ಹಣ ಕೊಡುವ ನಾಲ್ಕು ಹಂತಗಳು

1. ಮುಂಗಡ: ನಮ್ಮ ಉದಾಹರಣೆಯಲ್ಲಿ 5,000 ರೂಪಾಯಿ ಸಾಕು. ವ್ಯಾಪಾರಿಯ ಮುದ್ರಿತ ರಶೀದಿಯಲ್ಲಿ ವಾಹನದ ಸಂಖ್ಯೆ, ಚಾಸಿಸ್ ಸಂಖ್ಯೆ, ಒಟ್ಟು ಬೆಲೆ, ಬಾಕಿ ಹಣ, ಹೆಸರು ಬದಲಾವಣೆಯ ಖರ್ಚು ಯಾರದು ಎಂಬುದೆಲ್ಲ ಬರೆದಿರಬೇಕು. ಕಾಗದಪತ್ರ ಸರಿಯಿಲ್ಲದಿದ್ದರೆ ಮುಂಗಡ ಹಿಂದಿರುಗಿಸಬೇಕು ಎಂಬ ಷರತ್ತೂ ಇರಲಿ.

2. ಸಾಲದ ಬಾಕಿ: ವ್ಯಾಪಾರಿಯೇ ಸಾಲ ತೀರಿಸಿ ನಿರಾಕ್ಷೇಪಣಾ ಪತ್ರ ತರುವುದು ಉತ್ತಮ. ಆಗದಿದ್ದರೆ ಸಾಲ ಕೊಟ್ಟವರಿಂದ ಬಾಕಿ ಮೊತ್ತದ ಪತ್ರ ತರಿಸಿ, ಆ 90,000 ರೂಪಾಯಿಯನ್ನು ಅವರ ಹೆಸರಿಗೇ ಡಿ.ಡಿ. ಮಾಡಿಸಿ ಸಾಲದ ಖಾತೆಗೆ ಕಟ್ಟಿರಿ. ಇದು ಕಾರಿನ ಬೆಲೆಯಲ್ಲಿ ಸೇರಿದೆ ಎಂದು ವ್ಯಾಪಾರಿಯಿಂದ ಮೊದಲೇ ಬರೆಸಿಕೊಳ್ಳಿ. ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಬಂದ ಮೇಲೆಯೇ ಮುಂದಿನ ಹಂತ.

3. ದೊಡ್ಡ ಕಂತು: ನಮೂನೆ 29 ಮತ್ತು 30ಕ್ಕೆ ಸಹಿಯಾಗಿ, ಆರ್.ಸಿ., ವಿಮೆ, ತೆರಿಗೆ ಕಾಗದಗಳು ಮೇಜಿನ ಮೇಲೆ ಬಂದ ದಿನವೇ 2,05,000 ರೂಪಾಯಿ ಕೊಡಿರಿ. ಖಾಲಿ ನಮೂನೆಗೆ ತಾವೂ ಸಹಿ ಹಾಕಬೇಡಿ.

4. ಕೊನೆಯ ಕಂತು: ಉಳಿದ 20,000 ರೂಪಾಯಿ ತಮ್ಮ ಹೆಸರಿನ ಆರ್.ಸಿ. ಬಂದ ಮೇಲೆ. ಇದನ್ನೂ ಮುಂಗಡದ ದಿನವೇ ಬರೆಸಿಕೊಂಡಿರಬೇಕು. ಆ ಹಣ ತಮ್ಮಲ್ಲಿ ಇರುವವರೆಗೆ ವ್ಯಾಪಾರಿಗೂ ಕೆಲಸ ಮುಗಿಸುವ ಕಾಳಜಿ ಇರುತ್ತದೆ.

ನಗದು, ಡಿ.ಡಿ., ಅಥವಾ ಬ್ಯಾಂಕ್ ವರ್ಗಾವಣೆ?

2017ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ರೂಪಾಯಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. "ನಗದು ಕೊಟ್ಟರೆ ಕಡಿಮೆ ಮಾಡುತ್ತೇನೆ" ಎಂಬ ಮಾತಿಗೆ ಮರುಳಾಗಬೇಡಿ. ನಗದಿಗೆ ಸಾಕ್ಷಿ ಇಲ್ಲ.

ಡಿ.ಡಿ.ಯ ಅನುಕೂಲವೆಂದರೆ ಅದು ತಮ್ಮ ಕೈಯಲ್ಲಿ ಇರುವಷ್ಟು ಹೊತ್ತು ಹಣ ತಮ್ಮದೇ. ಒಂದು ಕೈಯಲ್ಲಿ ಡಿ.ಡಿ. ಕೊಟ್ಟು ಇನ್ನೊಂದು ಕೈಯಲ್ಲಿ ಕಾಗದ ಪಡೆಯಬಹುದು. ಅದರ ಅವಧಿ 3 ತಿಂಗಳು. ವ್ಯವಹಾರ ಮುರಿದರೆ ಬ್ಯಾಂಕಿಗೆ ಹಿಂದಿರುಗಿಸಿ ರದ್ದುಮಾಡಿಸಬಹುದು.

ಆರ್.ಟಿ.ಜಿ.ಎಸ್. ಮೂಲಕ 2 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತ ಕಳುಹಿಸಬಹುದು. ಕಡಿಮೆ ಮೊತ್ತಕ್ಕೆ ಎನ್.ಇ.ಎಫ್.ಟಿ. ಇದೆ. ಆದರೆ ಇಲ್ಲಿ ಹಣ ಹೋಗುವುದು ಖಾತೆ ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿ ಅಲ್ಲ. ಒಂದು ಅಂಕಿ ತಪ್ಪಿದರೂ ಹಣ ಬೇರೆಯವರಿಗೆ ಹೋಗಬಹುದು. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಏಪ್ರಿಲ್‌ನಿಂದ ಹಣ ಕಳುಹಿಸುವ ಮೊದಲು ಖಾತೆದಾರರ ಹೆಸರು ನೋಡುವ ಸೌಲಭ್ಯ ಬಂದಿದೆ. ಬ್ಯಾಂಕಿನಲ್ಲಿ ಕೇಳಿ ನೋಡಿಕೊಳ್ಳಿ. ರಶೀದಿಯಲ್ಲಿರುವ ಅಂಗಡಿಯ ಹೆಸರೇ ಖಾತೆಯಲ್ಲಿಯೂ ಇರಬೇಕು. "ನಮ್ಮ ಭಾವಮೈದುನನ ಖಾತೆಗೆ ಹಾಕಿ" ಎಂದರೆ ಅಲ್ಲಿಯೇ ನಿಲ್ಲಿಸಿರಿ.

ಕಾರು ಕಣ್ಣಿಗೆ ಕಾಣದೆ, ಕೇವಲ ಫೋಟೋ ನೋಡಿ ಮೊಬೈಲಿನಲ್ಲಿ ಮುಂಗಡ ಕಳುಹಿಸಲೇಬೇಡಿ. ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ ಎಂಬುದು ಮನೆಯವರೆಲ್ಲರಿಗೂ ತಿಳಿದಿರಲಿ.

ಕಾರು ಮನೆಗೆ ಬಂದ ಮೇಲೆ

ಕಾರು ಪಡೆದ ದಿನಾಂಕ ಮತ್ತು ಗಂಟೆಯನ್ನು ಬರೆಸಿಕೊಳ್ಳಿ. ಕೊಂಡವರು 30 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಅರ್ಜಿಯ ರಶೀದಿಯನ್ನು ಜೋಪಾನ ಮಾಡಿರಿ. ವಿಮೆಯ ಹೆಸರು ಬದಲಾವಣೆಗೆ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು. ಇಲ್ಲವಾದರೆ ತಮ್ಮ ಕಾರಿಗೇ ಆದ ನಷ್ಟದ ಪರಿಹಾರಕ್ಕೆ ತೊಂದರೆಯಾಗುತ್ತದೆ.

ತಾವು ಹಳೆಯ ಕಾರು ಮಾರುವವರಾಗಿದ್ದರೂ ಇದೇ ಎಚ್ಚರ ಬೇಕು. ಕಾರು ಕೈಬದಲಾಗಿದ್ದರೂ ಅಪಘಾತದ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲೀಕರದೇ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದೆ.

ಇಷ್ಟಾದರೂ ಮೋಸವಾದರೆ ಸುಮ್ಮನಿರಬೇಡಿ. ಮೊಬೈಲ್ ಅಥವಾ ಬ್ಯಾಂಕ್ ಮೂಲಕ ಹಣ ವಂಚನೆಯಾದಲ್ಲಿ ಕೂಡಲೇ 1930 ಸಂಖ್ಯೆಗೆ ಕರೆಮಾಡಿ. ತಡವಾದಷ್ಟೂ ಹಣ ಕೈಮೀರುತ್ತದೆ. ವ್ಯಾಪಾರಿ ಮಾತು ತಪ್ಪಿದರೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ 2 ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದು ರಶೀದಿಯನ್ನೇ.

ಬೆಳಗಿನ ಜಾವ ಎದ್ದು ಕರೆದ ಹಾಲಿನ ಹಣ ಇದು. ಲೀಟರಿಗೆ ಲೀಟರು ಸೇರಿಸಿ ಕೂಡಿಟ್ಟದ್ದನ್ನು ಒಂದೇ ದಿನದ ಅವಸರದಲ್ಲಿ ಕಳೆದುಕೊಳ್ಳಬೇಡಿ. ಕಾಗದ ಸರಿಯಿರುವ ವ್ಯಾಪಾರಿ ಎರಡು ದಿನ ಕಾಯುತ್ತಾನೆ. ಕಾಯಲಾರೆನೆಂದರೆ ಆ ಕಾರು ತಮಗೆ ಬೇಡ.