ಜ್ವರ ಬಿಟ್ಟರೂ ಮನಸ್ಸು ಏಳದಿದ್ದರೆ



ಡೆಂಗಿ, ಚಿಕೂನ್‌ಗುನ್ಯಾ, ಕೋವಿಡ್, ಫ್ಲೂ ಯಾವುದೇ ಇರಲಿ, ಜ್ವರ ಇಳಿದರೆ ಕಾಯಿಲೆ ಮುಗಿಯಿತು ಎಂದುಕೊಳ್ಳುತ್ತೇವೆ. ಕೆಲವರಿಗೆ ಮಾತ್ರ ಅಲ್ಲಿಂದಲೇ ಇನ್ನೊಂದು ಕಷ್ಟ ಶುರುವಾಗುತ್ತದೆ. ನಿದ್ದೆ ಬಾರದು, ಊಟ ಸೇರದು, ಯಾವುದರಲ್ಲೂ ಮನಸ್ಸಿಲ್ಲ. ಮನೆಯವರು ‘ಸೋಮಾರಿತನ’ ಎನ್ನುತ್ತಾರೆ. ಎರಡು ವಾರ ದಾಟಿಯೂ ಹೀಗೇ ಇದ್ದರೆ ಅದು ಸೋಮಾರಿತನವಲ್ಲ, ಖಿನ್ನತೆ ಇರಬಹುದು. ವೈರಸ್ಸಿನೊಡನೆ ಹೋರಾಡುವಾಗ ದೇಹದಲ್ಲಿ ಏಳುವ ಉರಿಯೂತ ಮಿದುಳನ್ನೂ ತಟ್ಟಬಲ್ಲದು. ಕೀಲುನೋವು, ರಜೆ, ಸಂಬಳದ ಚಿಂತೆ ಅದರ ಮೇಲೆ ಸೇರುತ್ತವೆ.

ಮೊದಲು ವೈದ್ಯರು ಥೈರಾಯ್ಡ್, ರಕ್ತಹೀನತೆ, ಬಿ-12 ಕೊರತೆ ಇದೆಯೇ ನೋಡುತ್ತಾರೆ. ಆಮೇಲೆ ಆಪ್ತಸಲಹೆ, ಮಾತ್ರೆ. ಮಾತ್ರೆಗೆ ಬಗ್ಗದ ಖಿನ್ನತೆಗೆ ಇನ್ನೊಂದು ದಾರಿಯಿದೆ: ಟಿಎಂಎಸ್, ಅಂದರೆ ಕಾಂತದಿಂದ ಮಿದುಳನ್ನು ಚುರುಕುಗೊಳಿಸುವುದು.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಈ ವಿಧಾನವನ್ನು ತೋರಿಸಿದರು. ಖಿನ್ನತೆಗೆ ಬಳಸಲು ಅಮೆರಿಕ 2008ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ.

ನೀವು ಕುರ್ಚಿಯಲ್ಲಿ ಎಚ್ಚರವಾಗಿಯೇ ಕೂತಿರುತ್ತೀರಿ. ಹಣೆಯ ಎಡಭಾಗದ ಮೇಲೆ ತಂತಿಯ ಸುರುಳಿ ಇಡುತ್ತಾರೆ. ಅದರ ಕಾಂತಕ್ಷೇತ್ರ ಕ್ಷಣಕ್ಷಣಕ್ಕೂ ಬದಲಾಗುತ್ತಾ ಮಿದುಳಿನ ಹೊರಪದರದಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ, ಮಂಕಾದ ನರಕೋಶಗಳು ಎಚ್ಚರಗೊಳ್ಳುತ್ತವೆ. ಟಕಟಕ ಸದ್ದಿಗೆ ಕಿವಿಗೆ ಬಿರಡೆ ಕೊಡುತ್ತಾರೆ. ಇದು ‘ಶಾಕ್’ ಚಿಕಿತ್ಸೆಯಲ್ಲ. ಅರಿವಳಿಕೆ ಬೇಡ, ಮುಗಿದ ಮೇಲೆ ಎದ್ದು ಮನೆಗೆ ಹೋಗಬಹುದು. ಒಂದು ಸಲಕ್ಕೆ 3 ನಿಮಿಷದಿಂದ ಸುಮಾರು 40 ನಿಮಿಷ, ವಾರಕ್ಕೆ 5 ದಿನ, 4ರಿಂದ 6 ವಾರ. ತಲೆನೋವು ಸಾಮಾನ್ಯ, ಫಿಟ್ಸ್ ಬಹಳ ಅಪರೂಪ.

ತಲೆಯಲ್ಲಿ ಲೋಹದ ತುಣುಕು, ಕಿವಿಯ ಕಾಕ್ಲಿಯರ್ ಸಾಧನ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ. ಒಂದು ಮಾತು ನೆನಪಿರಲಿ: ವೈರಲ್ ಕಾಯಿಲೆಯ ನಂತರದ ಖಿನ್ನತೆಯ ಮೇಲೆಯೇ ನಡೆದ ಅಧ್ಯಯನಗಳು ಇನ್ನೂ ಚಿಕ್ಕವು. ‘ಖಂಡಿತ ಗುಣ’ ಎನ್ನುವ ಜಾಹೀರಾತನ್ನು ನಂಬಬೇಡಿ. ಪೂರ್ತಿ ಕೋರ್ಸಿಗೆ ಎಷ್ಟು ಖರ್ಚು ಎಂದು ಮೊದಲ ದಿನವೇ ಕೇಳಿ.

ಓಝರ್‌ನ ಎಚ್‌ಎಎಲ್‌ಗೆ ಹೋಗುವ ನಾಸಿಕದ ಕನ್ನಡಿಗರಿರಲಿ, ವಾಳೂಜ್‌ನ ಕಾರ್ಖಾನೆಗಳಲ್ಲಿ ದುಡಿಯುವ ಛತ್ರಪತಿ ಸಂಭಾಜಿನಗರದವರಿರಲಿ, ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಉಳಿಯುವುದು ಸುಲಭವಲ್ಲ. ಹತ್ತಿರದ ಮನೋವೈದ್ಯರಿಂದಲೇ ಆರಂಭಿಸಿ. ಸಂಭಾಜಿನಗರದಲ್ಲಿ ‘ಘಾಟಿ’ ಎಂದೇ ಹೆಸರಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, ನಾಸಿಕದಲ್ಲಿ ಜಿಲ್ಲಾ ಸಿವಿಲ್ ಆಸ್ಪತ್ರೆಯಿದೆ. ಮನದ ನೋವನ್ನು ತಾಯ್ನುಡಿಯಲ್ಲೇ ಹೇಳಿಕೊಳ್ಳಬೇಕೆನಿಸಿದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ: 14416. ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸಾಯಬೇಕೆನಿಸುವ ಯೋಚನೆ ಬಂದರೆ ನಾಳೆಗೆ ಬಿಡಬೇಡಿ, ಈಗಲೇ ಮನೆಯವರಿಗೆ ಹೇಳಿ, ಕರೆ ಮಾಡಿ.

ಜ್ವರ ಬಿಟ್ಟವರ ಮನೆಗೆ ಹೋದಾಗ ‘ಜ್ವರ ಹೇಗಿದೆ?’ ಎಂದಷ್ಟೇ ಕೇಳದೆ, ‘ಮನಸ್ಸು ಹೇಗಿದೆ?’ ಎಂದೂ ಕೇಳಿ.